ಪಾಲುದಾರರ ಸಂಘ

ಹೆಸರಿಡುವುದರಲ್ಲಿ ನಮ್ಮ ಕಾಲವನ್ನು ಮೀರಿಸುವ ಕಾಲ ಹಿಂದೆ ಇದ್ದಿರಲಾರದು. ಬೀದಿ ಗುಡಿಸುವವರು ಪೌರಕಾರ್ಮಿಕರಾದರು, ಅದು ಆಗಬೇಕಾದದ್ದೇ. ಅಂಗಡಿಯ ಗುಮಾಸ್ತೆ ಎಕ್ಸಿಕ್ಯೂಟಿವ್ ಆದ. ಅದಕ್ಕೂ ನನ್ನ ತಕರಾರಿಲ್ಲ. ಆದರೆ ಮನೆ ಬಾಗಿಲಿಗೆ ಊಟದ ಪೊಟ್ಟಣವನ್ನೂ ಕೊತ್ತಂಬರಿ ಸೊಪ್ಪಿನ ಕಟ್ಟನ್ನೂ ತಂದುಕೊಡುವ ಹುಡುಗನಿಗೆ ‘ಡೆಲಿವರಿ ಪಾರ್ಟ್‌ನರ್’ ಎಂದು ಹೆಸರಿಟ್ಟಿದ್ದಾರಲ್ಲ, ಅದನ್ನು ಕೇಳಿದಾಗಲೆಲ್ಲ ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದ ನನ್ನ ಕಿವಿ ನಿಮಿರುತ್ತದೆ. ಪಾರ್ಟ್‌ನರ್ ಎಂದರೆ ಪಾಲುದಾರ. ಪಾಲುದಾರನೆಂದರೆ ಯಾರು ಎಂಬುದಕ್ಕೆ ನಮ್ಮ ದೇಶದಲ್ಲಿ 1932ರ ಕಾಯಿದೆಯೊಂದು ಇದೆ. ವ್ಯಾಪಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವನು ಪಾಲುದಾರ. ಲೆಕ್ಕದ ಪುಸ್ತಕಗಳನ್ನು ತೆರೆದು ನೋಡುವ, ಬೇಕಾದರೆ ನಕಲು ಮಾಡಿಕೊಳ್ಳುವ ಹಕ್ಕು ಅವನಿಗುಂಟು. ನಮ್ಮ ಬೀದಿಗೆ ದಿನಕ್ಕೆ ಇಪ್ಪತ್ತು ಸಲ ಬರುವ ಈ ಪಾಲುದಾರರಲ್ಲಿ ಒಬ್ಬನಾದರೂ ತನ್ನ ಕಂಪನಿಯ ಲೆಕ್ಕದ ಪುಸ್ತಕ ತೆರೆಯಿಸಿ ನೋಡಿದ್ದುಂಟೆ? ಪುಸ್ತಕದ ಮಾತು ಹಾಗಿರಲಿ, ನಿನ್ನೆ ಮೂರು ಮೈಲಿಗೆ ಸಿಕ್ಕಿದ ಹಣ ಇಂದು ಅದೇ ಮೂರು ಮೈಲಿಗೆ ಏಕೆ ಸಿಕ್ಕಲಿಲ್ಲವೆಂಬುದನ್ನೇ ಅವನಿಗೆ ಯಾರೂ ಹೇಳುವುದಿಲ್ಲ.

ನನಗೆ ಇದೆಲ್ಲ ಗೊತ್ತಾದದ್ದು ನಮ್ಮ ಮಹಡಿಯ ಮೇಲಿನ ಹುಡುಗನಿಂದ. ಗದಗದ ಕಡೆಯವನು. ಒಂದು ಕೋಣೆ, ಒಂದು ಬಚ್ಚಲು ಇರುವ ನಮ್ಮ ಮಹಡಿಯಲ್ಲಿ ಎರಡು ವರ್ಷದಿಂದ ಇದ್ದಾನೆ. ಬಾಡಿಗೆಯನ್ನು ಪ್ರತಿ ತಿಂಗಳೂ ಐದನೆಯ ತಾರೀಖಿಗೆ ತಂದುಕೊಡುತ್ತಾನೆ. ಗಿಡಗಳಿಗೆ ನೀರು ಹಾಕುತ್ತಾನೆ. ನನ್ನ ಮನೆಯಾಕೆಯ ಮೊಣಕಾಲು ನೋವಿಗೆ ಊರಿನಿಂದ ಎಂಥದೋ ಎಣ್ಣೆ ತಂದುಕೊಟ್ಟಿದ್ದಾನೆ. ಅದರಿಂದ ನೋವು ಹೋಗಲಿಲ್ಲ, ಆದರೆ ಅವನ ಮೇಲಿನ ವಿಶ್ವಾಸ ಹೆಚ್ಚಿತು. ಬೆಳಿಗ್ಗೆ ಹತ್ತಕ್ಕೆ ಗಾಡಿ ಹೊರಡಿಸಿದರೆ ರಾತ್ರಿ ಹನ್ನೊಂದಕ್ಕೋ ಹನ್ನೆರಡಕ್ಕೋ ಗೇಟಿನ ಸದ್ದು ಕೇಳುತ್ತದೆ. ಅಲ್ಲಿಯವರೆಗೆ ನಮ್ಮಾಕೆಗೆ ನಿದ್ದೆ ಇಲ್ಲ. ಮಳೆ ಬಂದ ರಾತ್ರಿಗಳಲ್ಲಂತೂ ಕೇಳಲೇಬೇಡಿ.

ಒಂದು ಭಾನುವಾರ ಈ ಹುಡುಗ ಬಂದು ಜಗುಲಿಯ ಅಂಚಿನಲ್ಲಿ ಕುಳಿತು, “ಸರ, ಒಂದು ಮಾತು ಕೇಳ್ಲೇನ್ರಿ? ಯೂನಿಯನ್‌ಗೆ ಸೇರ್ಬೇಕೋ ಬ್ಯಾಡೋ?” ಎಂದ.

ನಾನು ಬ್ಯಾಂಕಿನಲ್ಲಿದ್ದವನು, ಸಂಘ ಗಿಂಘ ಎಲ್ಲ ಕಂಡವನು ಎಂಬುದು ಅವನಿಗೆ ತಿಳಿದಿತ್ತು. ಹೋಟೆಲಿನ ಮುಂದಿನ ಮಳೆಮರದ ಕೆಳಗೆ ಆರ್ಡರಿಗೆ ಕಾಯುತ್ತ ಕೂರುವ ಇವರ ಬಳಿಗೆ ಯಾರೋ ಬಂದು, ಒಂದು ಫಾರಂ ಕೊಟ್ಟು ಹೋಗಿದ್ದರಂತೆ. ಕೆಲವರು ತುಂಬಿಕೊಟ್ಟಿದ್ದಾರೆ, ಕೆಲವರು ಜೇಬಿನಲ್ಲಿಟ್ಟುಕೊಂಡಿದ್ದಾರೆ. “ಸೇರಿದವ್ರ ಐಡಿ ಬಂದ್ ಮಾಡ್ತಾರಂತ್ರಿ. ಖರೇನೋ ಸುಳ್ಳೋ ಗೊತ್ತಿಲ್ಲ. ಆದ್ರ ಅಂಜಿಕಿ ಅಂತೂ ಖರೇ ಅದ.”

ಐಡಿ ಎಂದರೆ ಅವನ ಫೋನಿನಲ್ಲಿ ಕಂಪನಿಯ ಬಾಗಿಲು ತೆರೆಯುವ ಗುರುತು. ಅದು ಮುಚ್ಚಿದರೆ ಕೆಲಸವಿಲ್ಲ. ನಮ್ಮ ಕಾಲದಲ್ಲಿ ಒಬ್ಬನನ್ನು ಕೆಲಸದಿಂದ ತೆಗೆಯಬೇಕಾದರೆ ಮೆಮೊ ಕೊಡಬೇಕು, ಉತ್ತರ ಪಡೆಯಬೇಕು, ವಿಚಾರಣೆ ನಡೆಸಬೇಕು; ವಿಚಾರಣಾಧಿಕಾರಿಗೆ ಕಾಫಿ ತರಿಸಬೇಕು; ಆ ವೇಳೆಗೆ ಆಪಾದಿತ ನಿವೃತ್ತನಾದ ಉದಾಹರಣೆಯೂ ಉಂಟು. ಈಗ ಒಂದು ಗುಂಡಿ ಒತ್ತಿದರೆ ಆಯಿತು. ಆ ಗುಂಡಿಯನ್ನೂ ಮನುಷ್ಯನೇ ಒತ್ತಬೇಕೆಂದಿಲ್ಲ.

ನಾನು ಆ ಹೊತ್ತಿಗೆ ಉತ್ತರ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮ ನಡಿಗೆಯ ಗೆಳೆಯರ ಮುಂದೆ ವಿಷಯವನ್ನಿಟ್ಟೆ. ಅವರಲ್ಲೊಬ್ಬರು ಸರ್ಕಾರಿ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಅವರು ನಿಂತಲ್ಲೇ ನಿಂತು, “ಯೂನಿಯನ್ ಕಟ್ಟಿದರೆ ಕಂಪನಿ ಗಂಟು ಕಟ್ಟುತ್ತದೆ, ನೋಡಿ ಸ್ವಾಮಿ. ಇದೇನು ಜೀವಮಾನದ ಕೆಲಸವೆ? ಹುಡುಗರು ಎರಡು ವರ್ಷ ಓಡಾಡಿ ನಾಲ್ಕು ಕಾಸು ಮಾಡಿಕೊಂಡು ಮುಂದೆ ಹೋಗಲಿ” ಎಂದರು. ಇದನ್ನು ಹೇಳಿದವರು 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳ ಲಕ್ಷದಷ್ಟು ಮಂದಿ ನಡೆಸಿದ 77 ದಿನಗಳ ಮುಷ್ಕರದಲ್ಲಿ ಗೇಟಿನ ಮುಂದೆ ಕೂತಿದ್ದವರು. ಅವರ ಪಿಂಚಣಿ, ಅವರ ಔಷಧದ ಖರ್ಚು, ಅವರ ಮನೆಯ ನಿವೇಶನ—ಯಾವುದೂ ಆಕಾಶದಿಂದ ಉದುರಿದ್ದಲ್ಲ. ನಾನು ನೆನಪು ಮಾಡಿದಾಗ ನಕ್ಕುಬಿಟ್ಟರು. “ಆಗ ಯಜಮಾನ ಯಾರೆಂದು ನಮಗೆ ಗೊತ್ತಿತ್ತು. ಇವರಿಗೆ ಯಾರು ಯಜಮಾನ? ಯಾರ ಮುಂದೆ ಕೂರುತ್ತಾರೆ?” ಎಂದರು.

ಈ ಎರಡನೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನಿಜವಾದ ಕಷ್ಟ ಇರುವುದು ಇಲ್ಲಿಯೇ.

ನಾನು 1974ರಲ್ಲಿ ಬ್ಯಾಂಕು ಸೇರಿದಾಗ ಸಂಘಕ್ಕೆ ಸೇರಬೇಕೆ ಬೇಡವೆ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಸೇರಿದ ದಿನ ಹಿರಿಯ ಗುಮಾಸ್ತರೊಬ್ಬರು ಹಾಜರಿ ಪುಸ್ತಕ ತೋರಿಸಿದರು, ನೀರಿನ ಹೂಜಿ ಎಲ್ಲಿದೆಯೆಂದು ತೋರಿಸಿದರು, ಸಂಘದ ಫಾರಂ ಮುಂದಿಟ್ಟು ಸಹಿ ಮಾಡಿಸಿದರು. ಚಂದಾ ಸಂಬಳದಲ್ಲೇ ಕಟಾಯಿಸಿ ಹೋಗುತ್ತಿತ್ತು. ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಕಲ್ಕತ್ತೆಯಲ್ಲಿ 1946ರಲ್ಲಿ ಹುಟ್ಟಿದ್ದು; ನಾನು ಸೇರುವ ವೇಳೆಗೆ ಕಷ್ಟದ ಕೆಲಸವನ್ನೆಲ್ಲ ನನಗಿಂತ ಹಿಂದಿನವರು ಮಾಡಿ ಮುಗಿಸಿದ್ದರು. ಎರಡು ಕಡೆಯವರೂ ಮೇಜಿನ ಸುತ್ತ ಕುಳಿತು ಸಂಬಳದ ಒಪ್ಪಂದ ಮಾಡಿಕೊಳ್ಳುವ ಪದ್ಧತಿ 1966ರಿಂದಲೇ ಇತ್ತು. ಬ್ಯಾಂಕಿಗೆ ಕಂಪ್ಯೂಟರು ಬರುವಾಗ ಕೂಡ ಎಲ್ಲಿ ಇಡಬೇಕು, ಎಷ್ಟು ಇಡಬೇಕು ಎಂದು 1983ರಲ್ಲಿ ಸಂಘದೊಡನೆ ಒಪ್ಪಂದ ಮಾಡಿಕೊಂಡೇ ತಂದರು. ಯಂತ್ರವೊಂದು ನಮ್ಮ ಅನುಮತಿ ಕೇಳಿಕೊಂಡು ಒಳಗೆ ಬಂದ ಕಾಲ ಅದು! ನಮ್ಮ ಮಹಡಿಯ ಹುಡುಗನಿಗೆ ಯಂತ್ರವೇ ಮ್ಯಾನೇಜರು. ಅದೇ ಆರ್ಡರು ಹಂಚುತ್ತದೆ, ಅದೇ ದಾರಿ ತೋರಿಸುತ್ತದೆ, ಅದೇ ಹೊತ್ತಾಯಿತೆಂದು ಗದರಿಸುತ್ತದೆ, ಅದೇ ದಂಡ ಹಾಕುತ್ತದೆ. ಅದರ ಮುಂದೆ ಧರಣಿ ಕೂರುವುದು ಹೇಗೆ?

ಸಂಘವೆಂಬುದಕ್ಕೆ ಬೇಕಾದ ಮೊದಲ ಸಲಕರಣೆ ಗೇಟು. ಗೇಟಿದ್ದರೆ ಪಾಳಿ ಮುಗಿಸಿ ಬರುವವರೂ ಹೋಗುವವರೂ ಎದುರಾಗುತ್ತಾರೆ. ಅಲ್ಲಿ ಚೀಟಿ ಹಂಚಬಹುದು, ಕಲ್ಲಿನ ಮೇಲೆ ಹತ್ತಿ ನಿಂತು ಭಾಷಣ ಮಾಡಬಹುದು. ಇವರಿಗೆ ಮಳೆಮರವಿದೆ, ಅಷ್ಟೆ. ಮತ್ತು ಫೋನಿನಲ್ಲೊಂದು ವಾಟ್ಸಾಪ್ ಗುಂಪು. ಆ ಗುಂಪಿನಲ್ಲಿ ಇನ್ನೂರು ಮಂದಿ ಇದ್ದರೆ ಅವರಲ್ಲಿ ಕಂಪನಿಗೆ ಸುದ್ದಿ ಮುಟ್ಟಿಸುವವನು ಯಾರೆಂಬ ಗುಮಾನಿಯೂ ಇದೆ. ಜೊತೆಗೆ ಒಬ್ಬೊಬ್ಬನ ಲೆಕ್ಕ ಒಂದೊಂದು. ಓದಿನ ಖರ್ಚಿಗೆ ಸಂಜೆ ಮೂರು ಗಂಟೆ ಓಡಿಸುವವನಿಗೆ ಇದು ಕೈಖರ್ಚು. ಹೆಂಡತಿ ಮಕ್ಕಳನ್ನು ಊರಿನಲ್ಲಿಟ್ಟು ಬಂದವನಿಗೆ ಇದೇ ಅನ್ನ. 2025ರ ಡಿಸೆಂಬರ್ 31ರಂದು ದೇಶದ ಹಲವು ಊರುಗಳಲ್ಲಿ ಇವರ ಸಂಘಗಳು ಮುಷ್ಕರಕ್ಕೆ ಕರೆ ಕೊಟ್ಟವು. ಹೊಸ ವರ್ಷದ ಹಿಂದಿನ ರಾತ್ರಿ. ಇಡೀ ನಗರ ಮನೆಯಲ್ಲಿ ಕುಳಿತು ಬಿರಿಯಾನಿ ತರಿಸುವ ರಾತ್ರಿ. ಕಂಪನಿಗಳು ಆ ದಿನಕ್ಕೆ ಹೆಚ್ಚಿನ ಪ್ರೋತ್ಸಾಹಧನ ಸಾರಿದ್ದು ಪತ್ರಿಕೆಗಳಲ್ಲಿ ಬಂತು. ನಮ್ಮ ಹುಡುಗ ಅಂದು ಮಧ್ಯಾಹ್ನದವರೆಗೆ ಫೋನು ಮುಚ್ಚಿಟ್ಟುಕೊಂಡು ಕೋಣೆಯಲ್ಲಿದ್ದ. ಸಂಜೆ ಗಾಡಿ ಹೊರಟಿತು. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೂ ಆ ಮುಷ್ಕರ ಪೂರ್ತಿ ವ್ಯರ್ಥವಾಯಿತೆನ್ನುವಂತಿಲ್ಲ. ಮುಂದಿನ ಜನವರಿಯಲ್ಲಿ, ಕೇಂದ್ರದ ಕಾರ್ಮಿಕ ಸಚಿವರು ಮಾತನಾಡಿದ ಮೇಲೆ, ‘ಹತ್ತು ನಿಮಿಷದಲ್ಲಿ’ ಎಂಬ ಘೋಷಣೆಯನ್ನು ಒಂದು ಕಂಪನಿ ತನ್ನ ಜಾಹೀರಾತಿನಿಂದ ತೆಗೆದುಹಾಕಿತು. ಹತ್ತು ನಿಮಿಷದಲ್ಲಿ ಬೆಂಗಳೂರಿನ ಒಂದು ಸಿಗ್ನಲ್ ದಾಟಿದರೆ ಪುಣ್ಯ. ಅಷ್ಟರಲ್ಲಿ ಒಂದು ಡಜನ್ ಮೊಟ್ಟೆ ಒಡೆಯದಂತೆ ತರಬೇಕೆಂದು ಯಾವ ಮಹಾನುಭಾವನಿಗೆ ಹೊಳೆಯಿತೋ!

ಯಜಮಾನ ಯಾರೆಂಬ ಪ್ರಶ್ನೆ ಹೊಸದೆಂದು ನಮ್ಮ ಪಾರ್ಕಿನ ಗೆಳೆಯರು ತಿಳಿದಿದ್ದಾರೆ. ಅದು ಹೊಸದಲ್ಲ. ಇದರ ಉತ್ತರವನ್ನು ನಾನು ಕಂಡದ್ದು ದಕ್ಷಿಣ ಕನ್ನಡದಲ್ಲಿ. ಎಂಬತ್ತರ ದಶಕದಲ್ಲಿ ಬಂಟ್ವಾಳದ ಕಡೆಯ ಶಾಖೆಯೊಂದರಲ್ಲಿದ್ದಾಗ ಮಧ್ಯಾಹ್ನದ ಹೊತ್ತು ಪಾಸುಬುಕ್ಕು ಹಿಡಿದು ಹೆಂಗಸರು ಸಾಲುಗಟ್ಟಿ ಬರುತ್ತಿದ್ದರು. ಮನೆಯಲ್ಲಿ ಬೀಡಿ ಕಟ್ಟುವವರು. ತೊಡೆಯ ಮೇಲೆ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು; ನೆರೆಮನೆಯವಳೊಡನೆ ಮಾತನಾಡುತ್ತಲೇ ಬೆರಳು ಕೆಲಸ ಮಾಡುತ್ತಿರುತ್ತಿತ್ತು. ಕಟ್ಟಿದ್ದನ್ನು ಬೀಡಿ ಬ್ರಾಂಚಿಗೆ ಒಯ್ದು ಕೊಟ್ಟರೆ, ಅಲ್ಲಿ ಕುಳಿತವನು ಆರಿಸಿ, ಸರಿಯಿಲ್ಲದ್ದನ್ನು ಪಕ್ಕಕ್ಕೆ ಹಾಕಿ, ಉಳಿದದ್ದಕ್ಕೆ ಲೆಕ್ಕ ಬರೆಯುವನು. ಇವರಿಗೆ ಯಜಮಾನ ಯಾರು? ಕಂಪನಿ ಹೇಳಿತು: ನಾವಲ್ಲ, ಗುತ್ತಿಗೆದಾರ. ಗುತ್ತಿಗೆದಾರ ಹೇಳಿದ: ನಾನಲ್ಲ, ಅವರು ಅವರ ಮನೆಯಲ್ಲಿ, ಅವರ ಹೊತ್ತಿಗೆ, ಅವರಿಗೆ ಬೇಕಾದಷ್ಟು ಕಟ್ಟುತ್ತಾರೆ, ಬೇಡವೆಂದರೆ ಬಿಡುತ್ತಾರೆ, ಅವರು ಸ್ವತಂತ್ರರು.

‘ಬೇಕೆಂದಾಗ ಕೆಲಸ, ಬೇಡವೆಂದಾಗ ವಿರಾಮ’—ಇಂದಿನ ಕಂಪನಿಗಳ ಜಾಹೀರಾತಿನಲ್ಲಿ ಈ ಮಾತನ್ನು ಕಂಡಾಗ ನನಗೆ ಬೀಡಿಯ ಘಾಟು ಬಂದಂತಾಗುತ್ತದೆ. 1966ರಲ್ಲಿ ಪಾರ್ಲಿಮೆಂಟು ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಮಾಡಿ, ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕೆಲಸಗಾರರೆಂದೇ ಕರೆಯಿತು. ಮಾಲೀಕರು ಸುಮ್ಮನಿರಲಿಲ್ಲ, ಮಂಗಳೂರಿನ ಗಣೇಶ ಬೀಡಿ ವರ್ಕ್ಸ್‌ನ ಹೆಸರಿನಲ್ಲೇ ಇರುವ ಮೊಕದ್ದಮೆಯೊಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಆಮೇಲೆ ಭವಿಷ್ಯನಿಧಿಯ ಪ್ರಶ್ನೆ ಬಂತು. ಎಂಬತ್ತರ ದಶಕದಲ್ಲಿ ಅದೇ ಕೋರ್ಟು ಹೇಳಿದ ಮಾತು ನನಗೆ ಬಲು ಮೆಚ್ಚಿಗೆಯಾದದ್ದು: ಕಟ್ಟಿ ತಂದ ಬೀಡಿಯನ್ನು ಬೇಡವೆಂದು ತಿರಸ್ಕರಿಸುವ ಹಕ್ಕು ಇದೆಯಲ್ಲ, ಅದೇ ಅವರ ಮೇಲಿನ ಹತೋಟಿಗೆ ಸಾಕಾದ ಸಾಕ್ಷಿ, ಪಕ್ಕದಲ್ಲಿ ನಿಂತು ಮೇಸ್ತ್ರಿಗಿರಿ ಮಾಡಬೇಕಾಗಿಲ್ಲ. ಹಾಗಾದರೆ, ಒಂದು ನಕ್ಷತ್ರ, ಎರಡು ನಕ್ಷತ್ರ ಎಂದು ನೀವೂ ನಾನೂ ಫೋನಿನ ಮೇಲೆ ಬೆರಳೊತ್ತುತ್ತೇವಲ್ಲ, ಅದರ ಮೇಲೆ ಒಬ್ಬನ ನಾಳಿನ ಕೆಲಸ ನಿಂತಿದೆಯಲ್ಲ, ಅದು ಯಾವ ಹಕ್ಕು? ಬೀಡಿ ಆರಿಸುವವನ ಕುರ್ಚಿಯಲ್ಲಿ ನಮ್ಮನ್ನೇ ಕೂರಿಸಿದ್ದಾರೆ, ಸಂಬಳವಿಲ್ಲದೆ.

ಬೀಡಿಯವರಿಗೆ ಇಷ್ಟು ಸಿಕ್ಕಿದ್ದು ಕೋರ್ಟಿನ ಕೃಪೆಯಿಂದ ಮಾತ್ರವೆಂದು ತಿಳಿಯಬೇಡಿ. ಕರಾವಳಿಯಲ್ಲಿ ಬೀಡಿ ಸಂಘಗಳಿದ್ದವು. ಮನೆ ಮನೆಯಲ್ಲಿ ಚದುರಿ ಕುಳಿತ ಹೆಂಗಸರ ಸಂಘ. ಗೇಟೇ ಇಲ್ಲದ ಸಂಘ. ಅಂಥದನ್ನು ಕಟ್ಟಲು ಸಾಧ್ಯವಾಗಿತ್ತು.

ಇನ್ನು ಈಗಿನ ಕಾನೂನಿನ ಮಾತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಇವರಿಗೆ ‘ಗಿಗ್ ಕಾರ್ಮಿಕ’ರೆಂದು ಹೆಸರು ಕೊಟ್ಟಿತು; ಆದರೆ ಮಾಲೀಕ–ನೌಕರ ಸಂಬಂಧದ ಹೊರಗೆ ದುಡಿಯುವವರು ಎಂದೇ ವರ್ಣಿಸಿತು. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕಂಪನಿಗಳು ವಾರ್ಷಿಕ ವಹಿವಾಟಿನ ಶೇಕಡ 1ರಿಂದ 2ರಷ್ಟನ್ನು ಇವರ ಕ್ಷೇಮಕ್ಕೆ ಕೊಡಬೇಕು ಎಂದು ಅದರಲ್ಲಿದೆ. ರಾಜ್ಯಗಳಲ್ಲಿ ಮೊದಲು ಕಾಯಿದೆ ಮಾಡಿದ್ದು ರಾಜಸ್ಥಾನ, 2023ರಲ್ಲಿ. ಅದೇ ವರ್ಷದ ಬಜೆಟ್ಟಿನಲ್ಲಿ ನಮ್ಮ ರಾಜ್ಯ ಇವರಿಗೆ 4 ಲಕ್ಷ ರೂಪಾಯಿಯ ವಿಮೆ ಸಾರಿತು. 2025ರಲ್ಲಿ ಸ್ವಂತ ಕಾಯಿದೆಯನ್ನೇ ಮಾಡಿತು. ಪ್ರತಿ ಕೆಲಸಕ್ಕೂ ಕಾರ್ಮಿಕನಿಗೆ ಕೊಡುವ ಹಣದ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಒಂದು ಮಂಡಳಿ, ತೆಗೆದುಹಾಕುವುದಾದರೆ ಕಾರಣ ಬರೆದುಕೊಟ್ಟು 14 ದಿನದ ಮುನ್ಸೂಚನೆ, ಯಂತ್ರ ಹೇಗೆ ನಿರ್ಣಯ ಮಾಡುತ್ತದೆಂಬುದರ ಮಾಹಿತಿ. ಓದಿದರೆ ಸಂತೋಷವಾಗುತ್ತದೆ. ಬ್ಯಾಂಕಿನ ಚಾಳಿಯಿಂದ ನಾನು ಅದನ್ನು ಎರಡು ಸಲ ಓದಿದೆ. ಎರಡನೆಯ ಸಲ ಕೆಲವು ಪ್ರಶ್ನೆಗಳೆದ್ದವು. ಐಡಿಯನ್ನು ಐದು ದಿನ ಮುಚ್ಚಿಟ್ಟರೆ ಅದು ತೆಗೆದುಹಾಕಿದಂತೆಯೋ ಅಲ್ಲವೋ? ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳನ್ನು ಸರ್ಕಾರ ನೇಮಿಸುತ್ತದೆ; ಸಂಘವೇ ಇಲ್ಲದಿದ್ದರೆ ಯಾರನ್ನು ಹಿಡಿದು ನೇಮಿಸುತ್ತದೆ? ಕಂಪನಿಯ ಕಡೆಯವರು ವಕೀಲರನ್ನು ಕರೆತರುತ್ತಾರೆ. ಈ ಕಡೆ ಕೂರುವವನು ಯಾರ ಪರವಾಗಿ ಮಾತನಾಡಬೇಕು?

ಬಿಲಾತಿಯ ಕಥೆಯೂ ಇದನ್ನೇ ಹೇಳುತ್ತದೆ. ಅಲ್ಲಿನ ಸುಪ್ರೀಂ ಕೋರ್ಟು 2021ರಲ್ಲಿ ಊಬರ್ ಚಾಲಕರನ್ನು ಕಾರ್ಮಿಕರೆಂದು ಒಪ್ಪಿ, ಕನಿಷ್ಠ ವೇತನಕ್ಕೂ ಸಂಬಳ ಸಹಿತ ರಜೆಗೂ ದಾರಿ ಮಾಡಿತು. ಅದೇ ಕೋರ್ಟು 2023ರ ನವೆಂಬರಿನಲ್ಲಿ ಡೆಲಿವರೂ ಎಂಬ ಊಟದ ಕಂಪನಿಯ ಸೈಕಲ್ ಸವಾರರಿಗೆ, ನೀವು ನಿಮ್ಮ ಬದಲು ಬೇರೊಬ್ಬನನ್ನು ಕೆಲಸಕ್ಕೆ ಕಳುಹಿಸಬಹುದಲ್ಲ, ಆದ್ದರಿಂದ ಕಂಪನಿ ನಿಮ್ಮ ಸಂಘದೊಡನೆ ಚೌಕಾಸಿಗೆ ಕೂರಲೇಬೇಕೆಂಬ ಹಕ್ಕು ನಿಮಗಿಲ್ಲ ಎಂದಿತು. ಸಂಘ ಸೇರಬೇಡಿರೆಂದು ಹೇಳಲಿಲ್ಲ; ಸೇರಿಕೊಳ್ಳಿ, ಆದರೆ ಎದುರಿಗೆ ಕುರ್ಚಿ ಹಾಕಿಸಿಕೊಡುವುದು ನಮ್ಮ ಕೆಲಸವಲ್ಲ ಎಂಬ ಧಾಟಿ.

ಇಷ್ಟರಲ್ಲಿ ನಮ್ಮ ಹುಡುಗನಿಗೇ ಪ್ರಸಂಗವೊಂದು ಬಂತು. ಯಾರೋ ಗಿರಾಕಿ, ಸಾಂಬಾರು ಚೆಲ್ಲಿದೆಯೆಂದು ದೂರು ಕೊಟ್ಟರಂತೆ. ಬೆಳಿಗ್ಗೆ ಎದ್ದು ನೋಡಿದರೆ ಐಡಿ ಬಂದ್. ಫೋನು ಮಾಡಿದರೆ ಯಂತ್ರದ ಧ್ವನಿ. ಬರೆದರೆ ಯಂತ್ರದ ಉತ್ತರ. ಇದ್ದ ಪೆಟ್ರೋಲು ಸುಟ್ಟುಕೊಂಡು ಊರಾಚೆಯ ಕಚೇರಿಗೆ ಹೋದ; ಕಾವಲುಗಾರ ಒಳಗೆ ಬಿಡಲಿಲ್ಲ. ನಾಲ್ಕು ದಿನ ಕೋಣೆಯಲ್ಲಿ ಕುಳಿತ. ನಮ್ಮಾಕೆ ಊಟಕ್ಕೆ ಕರೆದರೆ ಹಸಿವಿಲ್ಲವೆಂದ. ಐದನೆಯ ದಿನ ಐಡಿ ತಾನಾಗಿಯೇ ತೆರೆಯಿತು. “ಯಾಕ್ ಬಂದ್ ಮಾಡಿದ್ರು ಗೊತ್ತಿಲ್ರಿ, ಯಾಕ್ ತಗದ್ರು ಅದೂ ಗೊತ್ತಿಲ್ಲ” ಎಂದ. ಆ ಐದು ದಿನದ ಹಣಕ್ಕಿಂತ ಈ ಗೊತ್ತಿಲ್ಲದಿರುವಿಕೆ ಅವನನ್ನು ಹೆಚ್ಚು ನೋಯಿಸಿದಂತೆ ನನಗೆ ಕಂಡಿತು.

ಅಂದು ಸಂಜೆ ನನ್ನ ಅಭಿಪ್ರಾಯ ಹೇಳಿದೆ. ಸೇರು ಎಂದೆ. ಸಂಘ ಸೇರಿದರೆ ನಾಳೆಯೇ ಕಿಲೋಮೀಟರಿಗೆ ಎರಡು ರೂಪಾಯಿ ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡ. ಚಂದಾ ಕೊಟ್ಟರೆ ರಸೀದಿ ಕೇಳು. ವರ್ಷಕ್ಕೊಮ್ಮೆ ಲೆಕ್ಕ ಓದಿ ಹೇಳದ ಸಂಘವಾದರೆ ಎದ್ದು ಬಾ. ಆದರೆ ಕಾವಲುಗಾರ ನಿಲ್ಲಿಸುವ ಬಾಗಿಲಲ್ಲಿ ಒಬ್ಬನೇ ನಿಲ್ಲುವುದಕ್ಕೂ, ಹೆಸರು, ಮೊಹರು, ಕಾಗದ ಇರುವ ಐನೂರು ಮಂದಿಯ ಪರವಾಗಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಮದರಾಸಿನಲ್ಲಿ 1918ರಲ್ಲಿ ವಾಡಿಯಾ ಅವರ ಮುಂದಾಳತನದಲ್ಲಿ ಗಿರಣಿ ಕೆಲಸಗಾರರು ಸಂಘ ಕಟ್ಟಿದಾಗ, ಬಿನ್ನಿ ಕಂಪನಿಯವರು ಕೋರ್ಟಿಗೆ ಹೋಗಿ ಅವರ ಮೇಲೆಯೇ ತಡೆಯಾಜ್ಞೆ ತಂದರು. ಸಂಘ ಕಟ್ಟುವುದಕ್ಕೆ ರಕ್ಷಣೆ ಕೊಡುವ ಕಾಯಿದೆ ಬಂದದ್ದು 1926ರಲ್ಲಿ. ಮೊದಲು ಸೇರಿದವರಿಗೆ ಕಾಯಿದೆಯ ರಕ್ಷಣೆ ಇರಲಿಲ್ಲ. ಅವರು ಸೇರಿದ್ದರಿಂದ ಕಾಯಿದೆ ಬಂತು. ಇಷ್ಟೆಲ್ಲ ನಾನು ಹೇಳುತ್ತಿದ್ದಾಗ ಅವನು ಫೋನನ್ನೇ ನೋಡುತ್ತಿದ್ದ. ಊಟದ ಹೊತ್ತು, ಆರ್ಡರು ಬರುವ ಸಮಯ.

ಎರಡು ದಿನದ ಮೇಲೆ ಅವನ ತಾಯಿ ನನಗೆ ಫೋನು ಮಾಡಿದರು. ನಾನು ಕಂಡವರಲ್ಲ. “ನೀವ ಹಿರಿಯಾರು ಅದೀರಿ. ಯೂನಿಯನ್ ಗೀನಿಯನ್ ಬ್ಯಾಡಂತ ನೀವರ ಬುದ್ಧಿ ಹೇಳ್ರಿ” ಎಂದರು. ಗಾಡಿಯ ಸಾಲದ ಕಂತು ಇದೆ, ತಂಗಿಯ ಮದುವೆ ಇದೆ. ಸೇರೆಂದು ಹೇಳಿದವನು ನಾನೇ ಎಂದು ಅವರಿಗೆ ತಿಳಿಸಿದೆ. ಒಂದು ಗಳಿಗೆ ಮಾತಿಲ್ಲ. ಆಮೇಲೆ, “ಅವನ ಕೆಲ್ಸ ಹೋದ್ರ ಸಂಘದವ್ರು ಅನ್ನ ಹಾಕ್ತಾರೇನ್ರಿ?” ಎಂದರು. ಬ್ಯಾಂಕಿನ ಸಂಘದ ಬೊಕ್ಕಸ ಬೇರೆ, ವರ್ಷಕ್ಕೆ ನೂರು ರೂಪಾಯಿ ಚಂದಾ ಎತ್ತುವವರ ಬೊಕ್ಕಸ ಬೇರೆ. ಹಾಕುವುದಿಲ್ಲ, ಹಾಕುವಷ್ಟು ಹಣ ಅವರ ಬಳಿ ಇಲ್ಲ ಎಂದು ಹೇಳಿದೆ. ಬಾಡಿಗೆಯನ್ನು ನಾವು ಎರಡು ತಿಂಗಳು ಕೇಳುವುದಿಲ್ಲವೆಂದೂ ಹೇಳಿದೆ. ಅದು ನಮ್ಮಾಕೆ ಪಕ್ಕದಲ್ಲಿ ನಿಂತು ಸನ್ನೆ ಮಾಡಿ ಹೇಳಿಸಿದ್ದು. ಆ ತಾಯಿ “ಹಂಗಾರ ನೋಡ್ರಿ” ಎಂದು ಫೋನಿಟ್ಟರು. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ.

ಹುಡುಗ ಸೇರಿದ. ರಸೀದಿ ತಂದು ತೋರಿಸಿದ. ಹೋದ ತಿಂಗಳು, ಆ ಕಾಯಿದೆಯಲ್ಲಿ ಏನಿದೆಯೆಂದು ತನ್ನವರಿಗೆ ಓದಿ ಹೇಳಬೇಕೆಂದು ನನ್ನನ್ನೇ ಮಳೆಮರದ ಕೆಳಗೆ ಕರೆದೊಯ್ದ. ಹೋಟೆಲಿನವನು ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟ. ಹನ್ನೊಂದು ಮಂದಿ ಗಾಡಿಗಳ ಮೇಲೆಯೇ ಕುಳಿತಿದ್ದರು, ಹೆಲ್ಮೆಟ್ಟು ಕನ್ನಡಿಗೆ ತಗುಲಿಹಾಕಿ. ನಾನು ಕನ್ನಡಕ ಒರೆಸಿಕೊಂಡು ಮುನ್ಸೂಚನೆಯ ಪ್ರಕರಣಕ್ಕೆ ಬರುವಷ್ಟರಲ್ಲಿ ಮೂವರಿಗೆ ಆರ್ಡರು ಬಂತು. ಒಬ್ಬ ಎದ್ದುಹೋಗುತ್ತ, “ಆ ಹದಿನಾಲ್ಕು ದಿನದ್ದು ಇನ್ನೊಂದ್ ಸಲ ಓದಿ ಸಾರ್, ವಾಪಸ್ ಬಂದ್ಮೇಲೆ” ಎಂದ. ಮುಕ್ಕಾಲು ಗಂಟೆ ಕಾದೆ. ಅವನು ಬಂದ, ಇನ್ನೊಮ್ಮೆ ಓದಿದೆ.